ಚಕ್ಕುಲಿ ಒರಳು ಮತ್ತು ಹದಿನೇಳು ಹೊಲಗಳು

ಮಕ್ಕಳೇ, ದಸರಾ ರಜೆ ಬಂತೆಂದರೆ ಮಧುಗಿರಿಯ ನಮ್ಮ ಮನೆ ಛತ್ರವಾಗುತ್ತದೆ. ಶಿರಾದಿಂದ ದೊಡ್ಡ ಮಗಳ ಮಗ ಬರುತ್ತಾನೆ. ಕೊರಟಗೆರೆಯಿಂದ ಚಿಕ್ಕ ಮಗಳ ಮಗಳು ಬರುತ್ತಾಳೆ. ಪಾವಗಡದ ಕಡೆಯಿಂದ ನನ್ನ ಅಕ್ಕನ ಮೊಮ್ಮಗ ಬರುತ್ತಾನೆ. ಮಗನ ಮಗಳು ಹೇಗೂ ಮನೆಯಲ್ಲೇ ಇರುತ್ತಾಳೆ. ನಾಲ್ಕು ತಾಲ್ಲೂಕು, ನಾಲ್ಕು ಮಕ್ಕಳು. ಈ ನಾಲ್ಕು ತಾಲ್ಲೂಕು ಸೇರಿದ್ದೇ ಮಧುಗಿರಿ ಶೈಕ್ಷಣಿಕ ಜಿಲ್ಲೆ. ತುಮಕೂರು ಜಿಲ್ಲೆಯೊಳಗೆ ಶಾಲೆಗಳ ಲೆಕ್ಕಕ್ಕೆ ಇರುವ ಇನ್ನೊಂದು ಜಿಲ್ಲೆ ಇದು. ಮೇಷ್ಟ್ರಾಗಿ ಈ ನಾಲ್ಕೂ ಕಡೆ ಧೂಳು ತುಳಿದವನು ನಾನು.

ಈ ಸಲ ಅಕ್ಕನೂ ಬಂದಿದ್ದಳು. ಅವಳಿಗೀಗ ಎಂಬತ್ತೆರಡು. ಸೆರಗಿನ ಗಂಟಿನಿಂದ ಒಂದು ಪೆನ್‌ಡ್ರೈವ್ ತೆಗೆದು ನನ್ನ ಕೈಗಿಟ್ಟಳು. "ನಿಮ್ಮ ಭಾವ ಹೇಳಿದ್ದು ಇದರಲ್ಲೈತೆ ಅಂದಿದ್ದೆ. ತೆಗೆದು ಕೊಡು" ಅಂದಳು.

ನನ್ನ ಎದೆ ಧಸಕ್ಕೆಂದಿತು. ಯಾಕೆಂದು ಹೇಳುತ್ತೇನೆ.

ಪಾವಗಡ ತಾಲ್ಲೂಕಿನ ತಿರುಮಣಿ ಸುತ್ತಮುತ್ತ ಸೌರ ವಿದ್ಯುತ್ ಪಾರ್ಕ್ ಇರುವುದು ನಿಮಗೆ ಗೊತ್ತು. ಸುಮಾರು 13,000 ಎಕರೆ, 2,050 ಮೆಗಾವ್ಯಾಟ್. 2018ರ ಮಾರ್ಚ್‌ನಲ್ಲಿ ಉದ್ಘಾಟನೆಯಾಯಿತು. ಅದಕ್ಕೆ ರೈತರ ಜಮೀನನ್ನು ಕೊಂಡುಕೊಳ್ಳಲಿಲ್ಲ, ಗುತ್ತಿಗೆಗೆ ತೆಗೆದುಕೊಂಡರು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು. ಮಳೆಯನ್ನೇ ನಂಬಿ ಕಡಲೆಕಾಯಿ ಬಿತ್ತಿ, ಮಳೆ ಕೈಕೊಟ್ಟಾಗ ಬಳ್ಳಿಯನ್ನು ದನಕ್ಕೆ ಹಾಕುತ್ತಿದ್ದ ಅಕ್ಕನ ಮನೆಗೆ ಆ ಹಣ ದೊಡ್ಡ ಆಸರೆಯೇ ಆಯಿತು. ಅದರ ಬಗ್ಗೆ ಅಕ್ಕನಿಗೆ ತಕರಾರಿಲ್ಲ.

ಆದರೆ ಕಾಗದಕ್ಕೆ ಸಹಿ ಹಾಕಿದ ಮೇಲೆ ಭಾವನಿಗೆ ಒಂದು ಯೋಚನೆ ಹತ್ತಿತು. ಒಂದು ಬೇಸಿಗೆಯ ಬೆಳಗ್ಗೆ ನನ್ನನ್ನು ಕರೆದುಕೊಂಡು ಹೊಲವೆಲ್ಲ ಸುತ್ತಿಸಿದರು. "ಬದು ಹೋಯ್ತದೆ, ಮರ ಹೋಯ್ತದೆ. ಜಮೀನು ವಾಪಸ್ ಬರೋ ಹೊತ್ತಿಗೆ ಯಾವುದು ಯಾವುದು ಅಂತ ಹೇಳೋಕೆ ನಾನಿರಲ್ಲ. ಬರ್ಕೊ ಮೇಷ್ಟ್ರೇ" ಅಂದರು. ಎರೆ ಹೊಲ, ಗುಡಿ ಹಿಂದಲ ಹೊಲ, ಹಾಳುಬಾವಿ ಹೊಲ, ಚಿಂತಮಾನು ಚೇನು. ಕೊನೆಯದು ತೆಲುಗು. ಹುಣಸೆಮರದ ಹೊಲ ಅಂತ ಅರ್ಥ. ಪಾವಗಡದ ಸುತ್ತ ಬಹುಪಾಲು ಆಂಧ್ರವೇ ಇರುವುದರಿಂದ ಅಲ್ಲಿನ ಮಾತಿನಲ್ಲಿ ಎರಡೂ ಭಾಷೆ ಬೆರೆತಿರುತ್ತವೆ. ಒಟ್ಟು ಹದಿನೇಳು ಹೆಸರು. ಪ್ರತಿ ಹೆಸರಿಗೂ ಒಂದೆರಡು ಸಾಲಿನ ಕಥೆ.

ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಆಮೇಲೆ ನನಗೆ ಬರುತ್ತಿದ್ದ ಹಳೇ ಫಾಂಟಿನಲ್ಲಿ ಕಂಪ್ಯೂಟರಿಗೆ ಹೊಡೆದೆ. ಪುಕ್ಕಟೆ ವೆಬ್‌ಸೈಟ್ ಮಾಡಿಕೊಡುವ ಒಂದು ಕಂಪನಿಯ ಜಾಗದಲ್ಲಿ ಏರಿಸಿಯೂ ಬಿಟ್ಟೆ. "ಇನ್ನು ಇದು ಶಾಶ್ವತ ಭಾವ" ಅಂತ ಬೀಗಿದೆ. ಮೂರು ವರ್ಷ ಕಳೆಯುವಷ್ಟರಲ್ಲಿ ಆ ಕಂಪನಿ ಪುಕ್ಕಟೆ ಸೇವೆ ನಿಲ್ಲಿಸಿತು. ಮುನ್ಸೂಚನೆಯ ಪತ್ರ ಬಂದಿದ್ದು ನಾನು ತೆರೆಯುವುದನ್ನೇ ಬಿಟ್ಟಿದ್ದ ಇಮೇಲಿಗೆ. ಸೈಟು ಹೋಯಿತು. ನೋಟ್‌ಬುಕ್ಕನ್ನು ಅಟ್ಟದ ಮೇಲೆ ಗೆದ್ದಲು ತಿಂದಿತು. ಆಮೇಲೆ ಭಾವನೂ ಹೋದರು. ಉಳಿದದ್ದು ಅಕ್ಕನಿಗೆ ಕೊಟ್ಟಿದ್ದ ಈ ಪೆನ್‌ಡ್ರೈವ್ ಒಂದೇ.

ಮೊಮ್ಮಗಳು ಅದನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿದಳು. ಫೈಲ್ ತೆರೆಯಿತು. ಕನ್ನಡ ಒಂದಕ್ಷರವೂ ಇಲ್ಲ! ಇಂಗ್ಲಿಷ್ ಅಕ್ಷರಗಳ ಮೇಲೆ ಸೊಟ್ಟ ಗೆರೆ, ಚುಕ್ಕೆ, ಪೌಂಡ್ ಗುರುತು. ಇರುವೆ ಶಾಯಿಯಲ್ಲಿ ಬಿದ್ದು ಹೊರಳಾಡಿದ ಹಾಗಿತ್ತು. ಅಕ್ಕ ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ.

ಹೀಗೇಕಾಯಿತು? ಹಳೇ ಫಾಂಟುಗಳಲ್ಲಿ ಕನ್ನಡಕ್ಕೆ ಸ್ವಂತ ಜಾಗ ಇರಲಿಲ್ಲ. ಇಂಗ್ಲಿಷ್ ಅಕ್ಷರಗಳಿಗೆಂದು ಇದ್ದ ಮನೆಗಳಲ್ಲಿ ಕನ್ನಡದ ಚೂರುಗಳನ್ನು ಬಾಡಿಗೆಗೆ ಇಟ್ಟಿದ್ದರು. ಆ ಫಾಂಟ್ ಇರುವ ಕಂಪ್ಯೂಟರಿನಲ್ಲಿ ಕನ್ನಡ ಕಾಣುತ್ತದೆ. ಇಲ್ಲದಿದ್ದರೆ ಮನೆಯ ಮೂಲ ಮಾಲೀಕರು ಹೊರಗೆ ಬರುತ್ತಾರೆ. ಯೂನಿಕೋಡ್ ಬಂದ ಮೇಲೆ ಪ್ರಪಂಚದ ಲಿಪಿಗಳಿಗೆಲ್ಲ ಸ್ವಂತ ನಂಬರು ಸಿಕ್ಕಿತು. ನಮ್ಮ 'ಅ' ಅಕ್ಷರದ ನಂಬರು 3205, 'ಕ' ಅಕ್ಷರದ್ದು 3221. ಯಾವ ದೇಶದ ಕಂಪ್ಯೂಟರಿನಲ್ಲಿ ತೆರೆದರೂ 3221 ಅಂದರೆ 'ಕ'ನೇ. ಅಜ್ಜ ಅಜ್ಜಿಯರೇ, ನಿಮ್ಮ ಹಳೇ ಫೈಲುಗಳು ಹೀಗೆ ಕಂಡರೆ ಎಸೆದುಬಿಡಬೇಡಿ. ನುಡಿ, ಬರಹದ ಹಳೇ ಫೈಲುಗಳನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳಿವೆ.

ನಾವೂ ಬದಲಿಸಿದೆವು. ಎರಡು ನಿಮಿಷದಲ್ಲಿ ಎರೆ ಹೊಲ ಎದ್ದು ಬಂತು, ಹಾಳುಬಾವಿ ಬಂತು, ಚಿಂತಮಾನು ಬಂತು. ಅಕ್ಕ ಕನ್ನಡಕ ಸರಿ ಮಾಡಿಕೊಂಡಳು. ಮಕ್ಕಳು ಒಂದೊಂದೇ ಓದುತ್ತಾ ಹೋಗಿ ಹನ್ನೊಂದನೆಯದಕ್ಕೆ ನಿಂತರು. "ದಗಾರ್ ಹೊಲ. ದಗಾರ್ ಅಂದ್ರೇನು ತಾತ?"

ನನಗೆ ನೆನಪಿಲ್ಲ. ತೆಲುಗಿರಬಹುದು ಅಂದೆ. ಅಕ್ಕ ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕಳು. "ದಗಾರ್ ಅಲ್ವೋ, ದರ್ಗಾ! ದರ್ಗಾ ಹೊಲ. ಪಕ್ಕದಾಗೇ ದರ್ಗಾ ಇರಲಿಲ್ವಾ?"

ಹಳೇ ಫಾಂಟಿನಲ್ಲಿ ಅರ್ಕಾವೊತ್ತನ್ನು ಕಣ್ಣಿಗೆ ಕಾಣುವ ಹಾಗೆ, ಅಕ್ಷರ ಆದಮೇಲೆ ಹೊಡೆಯುತ್ತಿದ್ದೆವು. ಯೂನಿಕೋಡಿನಲ್ಲಿ ಬಾಯಲ್ಲಿ ಹೇಳುವ ಕ್ರಮದಲ್ಲಿ, 'ರ' ಮೊದಲು ಬರಬೇಕು. ಪರಿವರ್ತಕ ಅಲ್ಲಿ ಎಡವಿತ್ತು. ಯಂತ್ರ ಬದಲಿಸಿದ್ದನ್ನು ಗೊತ್ತಿರುವವರ ಮುಂದೆ ಒಮ್ಮೆ ಓದಲೇಬೇಕು ಅನ್ನುವುದು ಅವತ್ತು ನಮಗೆ ತಿಳಿಯಿತು. ಅಕ್ಕ ಇದ್ದದ್ದಕ್ಕೆ ಸರಿ ಹೋಯಿತು. ಇನ್ನೈದು ವರ್ಷ ಬಿಟ್ಟು ತೆರೆದಿದ್ದರೆ ಆ ಹೊಲ ದಗಾರ್ ಹೊಲವೇ ಆಗಿ ಉಳಿಯುತ್ತಿತ್ತು.

"ಇದನ್ನ ಮತ್ತೆ ವೆಬ್‌ಸೈಟ್ ಮಾಡೋಣ ತಾತ. ನಮ್ಮ ನಾಲ್ಕು ತಾಲ್ಲೂಕಿಗೂ ಒಂದೊಂದು ಪುಟ" ಅಂದಳು ಕೊರಟಗೆರೆಯವಳು. ನಾನು ಹಿಂಜರಿದೆ. ಒಮ್ಮೆ ಸುಟ್ಟುಕೊಂಡ ಬೆರಳು. ಆಗ ಮಗಳು ಫೋನಿನಲ್ಲಿ ಹೇಳಿದಳು: "ಅಪ್ಪ, ಈ ಸಲ ಸ್ಟಾಟಿಕ್ ಸೈಟ್ ಮಾಡಿ. ಬರೆದ ಫೈಲು ನಿಮ್ಮ ಮನೆಯಲ್ಲೇ ಇರುತ್ತೆ."

ಸ್ಟಾಟಿಕ್ ಸೈಟ್ ಅಂದರೇನು? ಅಡುಗೆಮನೆಯಿಂದಲೇ ಹೇಳುತ್ತೇನೆ. ಮುದ್ದೆಯನ್ನು ಊಟಕ್ಕೆ ಕೂತವರಿಗೆ ಆಗಾಗಲೇ ತೊಳಸಿ ಬಿಸಿಯಾಗಿ ಬಡಿಸಬೇಕು. ಚಕ್ಕುಲಿ ಹಾಗಲ್ಲ. ಒಂದು ದಿನ ಕೂತು ಮಾಡಿ ಡಬ್ಬಕ್ಕೆ ತುಂಬಿಟ್ಟರೆ ಯಾರು ಬಂದರೂ ತೆಗೆದು ಕೊಡಬಹುದು. ಬಸ್ಸಿನ ಟಿಕೆಟ್ ಕಾಯ್ದಿರಿಸುವ ಸೈಟು, ಪರೀಕ್ಷೆಯ ಫಲಿತಾಂಶ ನೋಡುವ ಸೈಟು ಇವೆಲ್ಲ ಮುದ್ದೆಯ ಥರ. ನೀವು ಕೇಳಿದ ಕ್ಷಣ ಒಳಗೆ ಹುಡುಕಿ, ನಿಮಗೆಂದೇ ಪುಟ ತಯಾರಿಸಿ ಕೊಡುತ್ತವೆ. ಅದಕ್ಕೆ ಒಲೆ ಸದಾ ಉರಿಯುತ್ತಿರಬೇಕು, ಕಾಯುವವರು ಬೇಕು. ನಮ್ಮ ಹೊಲದ ಹೆಸರುಗಳು ದಿನವೂ ಬದಲಾಗುತ್ತವೆಯೇ? ಇಲ್ಲ. ಹಾಗಾದರೆ ಚಕ್ಕುಲಿ ಸಾಕು. ಪುಟಗಳನ್ನು ಒಮ್ಮೆ ತಯಾರಿಸಿ ಇಡುವುದು, ಬಂದವರಿಗೆ ಹಾಗೇ ಕೊಡುವುದು. 1991ರಲ್ಲಿ ಟಿಮ್ ಬರ್ನರ್ಸ್ ಲೀ ಜಿನೀವಾ ಹತ್ತಿರದ ಸರ್ನ್ ಸಂಶೋಧನಾ ಕೇಂದ್ರದಲ್ಲಿ ಜಗತ್ತಿಗೆ ತೋರಿಸಿದ ಮೊದಲ ವೆಬ್‌ಸೈಟ್ ಕೂಡ ಇಂಥ ಸಾದಾ ಪುಟಗಳದ್ದೇ.

ಇನ್ನು ಸ್ಟಾಟಿಕ್ ಸೈಟ್ ಜನರೇಟರ್ ಅಂದರೆ ಚಕ್ಕುಲಿ ಒರಳು. ಹಿಟ್ಟು ಅಂದರೆ ನೀವು ಬರೆದ ಬರಹ. ಒರಳಿನ ತಳಕ್ಕೆ ಹಾಕುವ ಬಿಲ್ಲೆ ಅಂದರೆ ಪುಟದ ವಿನ್ಯಾಸ. ಅದಕ್ಕೆ ಥೀಮ್ ಅನ್ನುತ್ತಾರೆ. ನಕ್ಷತ್ರದ ಬಿಲ್ಲೆ ಹಾಕಿದರೆ ಚಕ್ಕುಲಿ, ಸಣ್ಣ ತೂತಿನ ಬಿಲ್ಲೆ ಹಾಕಿದರೆ ಖಾರಾಸೇವೆ. ಒರಳು ಮಾತ್ರ ಅದೇ. ಹಾಗೇ ಥೀಮ್ ಬದಲಿಸಿದರೆ ಐವತ್ತು ಪುಟಗಳ ರೂಪವೂ ಒಟ್ಟಿಗೆ ಬದಲಾಗುತ್ತದೆ, ಬರಹ ಮುಟ್ಟಬೇಕಾಗಿಲ್ಲ. ಇದನ್ನು ಕೇಳಿ ನಮ್ಮ ಮನೆಯಾಕೆ, "ಇಷ್ಟು ದಿನ ಏನೋ ದೊಡ್ಡ ವಿದ್ಯೆ ಅಂದ್ಕೊಂಡಿದ್ದೆ" ಅಂದಳು.

ಇಂಥ ಒರಳುಗಳು ಹಲವಿವೆ. 2008ರಲ್ಲಿ ಬಂದ ಜೆಕಿಲ್ ಹೆಸರುವಾಸಿ. ನಾವು ಆರಿಸಿಕೊಂಡದ್ದು 2013ರಲ್ಲಿ ಶುರುವಾದ ಹ್ಯೂಗೊ. ಯಾಕೆಂದರೆ ಅದು ಒಂದೇ ಪ್ರೋಗ್ರಾಂ ಫೈಲು. ಜೊತೆಗೆ ಬೇರೇನನ್ನೂ ತುಂಬಿಸಿಕೊಳ್ಳದೆ ಕೆಲಸ ಶುರು ಮಾಡಬಹುದು. ದುಡ್ಡೂ ಇಲ್ಲ. ಮಗಳು ಹ್ಯೂಗೊದ ಸ್ವಂತ ತಾಣದಿಂದಲೇ ಅದನ್ನು ಇಳಿಸಿಕೊಟ್ಟಳು. ಅದನ್ನು ಎಲ್ಲಿಟ್ಟಿದ್ದೇವೆಂದು ಕಂಪ್ಯೂಟರಿಗೆ ಒಮ್ಮೆ ತಿಳಿಸಬೇಕು. ಮಕ್ಕಳೇ, ಇಳಿಸುವ ಕೆಲಸವನ್ನು ದೊಡ್ಡವರನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಮಾಡಿ. ಕಂಡ ಕಂಡ ಕಡೆಯಿಂದ ಏನನ್ನೂ ಇಳಿಸಬಾರದು.

ಆಮೇಲಿನ ಕೆಲಸ ಹೀಗೆ ನಡೆಯಿತು. ಕಂಪ್ಯೂಟರಿನಲ್ಲಿ ಆಜ್ಞೆ ಬರೆಯುವ ಕಪ್ಪು ಕಿಟಕಿ ತೆರೆದು, ಇಂಗ್ಲಿಷ್ ಅಕ್ಷರಗಳಲ್ಲಿ 'ಹ್ಯೂಗೊ ನ್ಯೂ ಸೈಟ್' ಎಂದು ಬರೆದು, ಮುಂದೆ 'ನಮ್ಮೂರು' ಅಂತ ಹೆಸರು ಕೊಟ್ಟೆವು. ಒಂದು ಫೋಲ್ಡರ್ ಸಿದ್ಧವಾಯಿತು. ಅದರೊಳಗೆ ಇನ್ನಷ್ಟು ಫೋಲ್ಡರುಗಳು. 'ಕಂಟೆಂಟ್' ಅನ್ನುವುದು ಹಿಟ್ಟಿನ ಪಾತ್ರೆ, ಬರಹ ಅಲ್ಲಿರುತ್ತದೆ. 'ಥೀಮ್ಸ್' ಬಿಲ್ಲೆಗಳ ಡಬ್ಬಿ. 'ಸ್ಟಾಟಿಕ್' ಅನ್ನುವುದರಲ್ಲಿ ಫೋಟೊಗಳನ್ನು ಇಡಬಹುದು. ಹೊರಗೆ ಒಂದು ಚಿಕ್ಕ ಸೆಟ್ಟಿಂಗ್ ಫೈಲು. ಅದರಲ್ಲಿ ಸೈಟಿನ ಹೆಸರು ಮತ್ತು ಯಾವ ಥೀಮ್ ಬಳಸಬೇಕು ಅನ್ನುವುದನ್ನು ಬರೆಯಬೇಕು. ಬಿಲ್ಲೆ ಹಾಕದೆ ಒರಳು ಒತ್ತಿದರೆ ಏನಾಗುತ್ತದೋ ಥೀಮ್ ಇಲ್ಲದ ಹೊಸ ಸೈಟಿನಲ್ಲೂ ಹಾಗೇ ಆಗುತ್ತದೆ. ಪುಟ ಮೂಡುವುದಿಲ್ಲ. ನಾವು ಚಿತ್ರಗಳ ಅಬ್ಬರವಿಲ್ಲದ, ಅಕ್ಷರ ದೊಡ್ಡದಾಗಿ ಕಾಣುವ ಥೀಮ್ ಆರಿಸಿದೆವು. ಓದಬೇಕಾದವಳು ಅಕ್ಕ ತಾನೆ!

ಬರಹಕ್ಕೆ ಮಾರ್ಕ್‌ಡೌನ್ ಎಂಬ ಸುಲಭ ಪದ್ಧತಿ ಇದೆ. 2004ರಲ್ಲಿ ಜಾನ್ ಗ್ರೂಬರ್ ಅದನ್ನು ಹೊರತಂದರು. ಸಾಲಿನ ಮೊದಲಿಗೆ # ಗುರುತು ಹಾಕಿ ಒಂದು ಜಾಗ ಬಿಟ್ಟು ಬರೆದರೆ ಅದು ದೊಡ್ಡ ಶೀರ್ಷಿಕೆ. ## ಹಾಕಿದರೆ ಒಳಶೀರ್ಷಿಕೆ. ಪದದ ಹಿಂದೆ ಮುಂದೆ ಎರಡೆರಡು ನಕ್ಷತ್ರ ಗುರುತು ಹಾಕಿದರೆ ಅಕ್ಷರ ದಪ್ಪ. ಸಾಲಿನ ಮೊದಲಿಗೆ - ಹಾಕಿದರೆ ಪಟ್ಟಿ. ಪ್ಯಾರಾ ಬದಲಿಸಲು ನಡುವೆ ಒಂದು ಖಾಲಿ ಸಾಲು. ಇಷ್ಟು ಗೊತ್ತಿದ್ದರೆ ಪುಟ ಬರೆಯಬಹುದು. ಈ ಫೈಲು ಸಾದಾ ಅಕ್ಷರಗಳ ಫೈಲು. ಹ್ಯೂಗೊ ನಾಳೆ ಇಲ್ಲವಾದರೂ, ಯಾವುದೇ ಕಂಪ್ಯೂಟರಿನ ನೋಟ್‌ಪ್ಯಾಡಿನಲ್ಲಿ ತೆರೆದು ಓದಬಹುದು. ನನ್ನ ಮನಸ್ಸು ಒಪ್ಪಿದ್ದು ಈ ಮಾತಿಗೆ.

ನಾಲ್ವರೂ ಬರೆಯಲು ಕೂತರು. ಶಿರಾದವನು ಮಲಿಕ್ ರಿಹಾನ್ ಗೋರಿ, 1696ರ ಜುಮ್ಮಾ ಮಸೀದಿ, ಮೊಘಲರ ಕಾಲದಲ್ಲಿ ಶಿರಾ ಒಂದು ಸುಬಾದ ರಾಜಧಾನಿಯಾಗಿದ್ದದ್ದು ಎಲ್ಲ ಬರೆದ. ಕಗ್ಗಲಡು ಊರಿನ ಹುಣಸೆಮರಗಳಲ್ಲಿ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುವುದಕ್ಕೆ ಅವನದು ಪೂರ್ತಿ ಅರ್ಧ ಪುಟ. ಕೊರಟಗೆರೆಯವಳು ಸಿದ್ಧರಬೆಟ್ಟ, ಚನ್ನರಾಯನದುರ್ಗದ ಜೊತೆಗೆ ಜಯಮಂಗಲಿ ನದಿಯ ದಾರಿ ಬರೆದಳು. ದೇವರಾಯನದುರ್ಗದಲ್ಲಿ ಹುಟ್ಟಿ, ಕೊರಟಗೆರೆ, ಮಧುಗಿರಿ ದಾಟಿ ಉತ್ತರ ಪಿನಾಕಿನಿ ಸೇರುತ್ತದೆ. ಮನೆಯವಳು ಏಕಶಿಲೆಯ ಬೆಟ್ಟ ಮತ್ತು ಕೋಟೆಯ ಜೊತೆ ಮೈದನಹಳ್ಳಿಯ ಕೃಷ್ಣಮೃಗಗಳನ್ನು ಸೇರಿಸಿದಳು. ಪಾವಗಡದವನು ಮಾತ್ರ ಕೋಟೆ, ನಿಡಗಲ್ಲು ಯಾವುದನ್ನೂ ಮುಟ್ಟಲಿಲ್ಲ. ಅವರಜ್ಜಿಯ ಪಕ್ಕ ಕೂತು ಹದಿನೇಳು ಹೊಲ ಬರೆದ.

ಎಲ್ಲ ಮುಗಿಸಿ 'ಹ್ಯೂಗೊ ಸರ್ವರ್' ಎಂದು ಆಜ್ಞೆ ಕೊಟ್ಟೆವು. ಬ್ರೌಸರಿನಲ್ಲಿ 'ಲೋಕಲ್‌ಹೋಸ್ಟ್', ಆಮೇಲೆ ಕೋಲನ್, ಆಮೇಲೆ 1313 ಎಂದು ಹೊಡೆದರೆ ಸೈಟು ಕಾಣಬೇಕು. ಇದು ನಮ್ಮ ಕಂಪ್ಯೂಟರಿಗೆ ಮಾತ್ರ ಕಾಣುವ ತಾಲೀಮು, ಇಂಟರ್‌ನೆಟ್ಟೂ ಬೇಡ. ಮೂರು ಪುಟ ಕಂಡವು. ಹೊಲದ ಪುಟ ಇಲ್ಲ!

ಫೈಲು ಇದೆ. ಬರಹ ಇದೆ. ಪುಟ ಮಾತ್ರ ಇಲ್ಲ. ಒಂದು ಗಂಟೆ ಒದ್ದಾಡಿದೆವು. ಪಾವಗಡದವನ ಕಣ್ಣಲ್ಲಿ ನೀರು ತುಂಬಿತು. ಅಕ್ಕ ಮಾತಾಡದೆ ಹೂಬತ್ತಿ ಹೊಸೆಯುತ್ತಾ ಕೂತಳು. ನನಗೆ ಮತ್ತೆ ಅದೇ ಹಳೇ ಭಯ. ಕೊನೆಗೆ ಮನೆಯವಳು ಕಂಡುಹಿಡಿದಳು. ಹೊಸ ಪುಟ ಮಾಡುವ ಆಜ್ಞೆ ಕೊಟ್ಟಾಗ ಹ್ಯೂಗೊ ಫೈಲಿನ ತಲೆಯಲ್ಲಿ ಮೂರು ಸಾಲು ಇಡುತ್ತದೆ: ತಾರೀಖು, ಶೀರ್ಷಿಕೆ, ಮತ್ತು 'ಡ್ರಾಫ್ಟ್' ಅಂದರೆ ಇದು ಕರಡು ಹೌದೋ ಅಲ್ಲವೋ. ಅದರ ಎದುರು ಮೊದಲಿಗೆ 'ಟ್ರೂ' ಎಂದೇ ಇರುತ್ತದೆ. ಕರಡು ಪುಟವನ್ನು ಹ್ಯೂಗೊ ಹೊರಗೆ ತೋರಿಸುವುದಿಲ್ಲ. ಮಿಕ್ಕ ಮೂವರು ಅದನ್ನು 'ಫಾಲ್ಸ್' ಎಂದು ತಿದ್ದಿದ್ದರು. ಇವನು ಬರೆಯುವ ಗಡಿಬಿಡಿಯಲ್ಲಿ ಮರೆತಿದ್ದ. ಒಂದು ಪದ ತಿದ್ದಿ ಉಳಿಸಿದ್ದೇ ತಡ, ನಾವು ಏನೂ ಒತ್ತದೆಯೇ ಹೊಲಗಳು ಪರದೆಯ ಮೇಲೆ ಬಂದು ನಿಂತವು.

ನೀವು ಮಾಡುವಾಗಲೂ ಪುಟ ಕಾಣದಿದ್ದರೆ ಮೊದಲು ಆ ಸಾಲು ನೋಡಿ. ಆಮೇಲೆ ತಾರೀಖು ನೋಡಿ. ಮುಂದಿನ ದಿನದ ತಾರೀಖು ಹಾಕಿದ್ದರೂ ಹ್ಯೂಗೊ ಆ ದಿನ ಬರುವ ತನಕ ಪುಟವನ್ನು ಬಚ್ಚಿಡುತ್ತದೆ.

ಇನ್ನುಳಿದದ್ದು ಊರಿಗೆ ಹಂಚುವುದು. ಬರೇ 'ಹ್ಯೂಗೊ' ಎಂದು ಆಜ್ಞೆ ಕೊಟ್ಟರೆ 'ಪಬ್ಲಿಕ್' ಎಂಬ ಫೋಲ್ಡರಿನಲ್ಲಿ ಸಿದ್ಧವಾದ ಪುಟಗಳೆಲ್ಲ ಬಂದು ಬೀಳುತ್ತವೆ. ಅದೇ ಚಕ್ಕುಲಿ ಡಬ್ಬ. ಅದನ್ನು ಇಂಟರ್‌ನೆಟ್ಟಿನಲ್ಲಿ ಇಡಲು ಜಾಗ ಬೇಕು. 2008ರಿಂದ ಇರುವ ಗಿಟ್‌ಹಬ್ ಪೇಜಸ್‌ನಲ್ಲಿ ಇಂಥ ಸೈಟುಗಳಿಗೆ ಪುಕ್ಕಟೆ ಜಾಗವಿದೆ. ಸೈಟು ಒಂದು ಜಿಬಿ ಮೀರಬಾರದು. ನಮ್ಮದು ಅದರ ಮೂಲೆಯನ್ನೂ ತುಂಬಲಿಲ್ಲ. ಹದಿಮೂರು ವರ್ಷ ತುಂಬದವರು ಅಲ್ಲಿ ಖಾತೆ ತೆರೆಯುವಂತಿಲ್ಲ. ಆದ್ದರಿಂದ ಮಗಳ ಖಾತೆಯಲ್ಲೇ ಏರಿಸಿದೆವು.

ಏರಿಸುವ ಮುಂಚೆ ಒಂದು ಸಂಜೆ ಎಲ್ಲರೂ ಕೂತು ಪುಟಗಳನ್ನು ಜೋರಾಗಿ ಓದಿದೆವು. ಮಕ್ಕಳ ಹೆಸರು, ಶಾಲೆ, ಫೋನ್ ನಂಬರು ತೆಗೆದೆವು. ಹೊಲದ ಸರ್ವೆ ನಂಬರು, ಮಾಲೀಕರ ಹೆಸರು ಹಾಕಲಿಲ್ಲ. ಅಕ್ಕಪಕ್ಕದ ಹೊಲದವರ ಜಗಳದ ಕಥೆಯೊಂದಿತ್ತು. ಅಕ್ಕ, "ಅದು ಬ್ಯಾಡ, ಅವರ ಮೊಮ್ಮಕ್ಕಳು ಓದ್ತವೆ" ಅಂದಳು. ಅದನ್ನೂ ತೆಗೆದೆವು.

ಮಾರನೆಯ ದಿನ ಅಕ್ಕನ ಕೈಗೆ ಫೋನು ಕೊಟ್ಟು ಸೈಟು ತೋರಿಸಿದೆವು. ಅವಳು ಹೆಸರುಗಳ ಮೇಲೆ ಬೆರಳಾಡಿಸಿದಳು. ಬೆರಳು ತಾಗಿದ ಕಡೆಯೆಲ್ಲ ಪುಟ ಜಾರಿ ಮೇಲೆ ಕೆಳಗೆ ಹೋಗುತ್ತಿತ್ತು. ಮೊಮ್ಮಗ ಹಿಡಿದು ನಿಲ್ಲಿಸಿದ. ಎಲ್ಲ ಕೇಳಿಸಿಕೊಂಡ ಮೇಲೆ ನನ್ನ ಕಡೆ ತಿರುಗಿ ಕೇಳಿದಳು: "ಹೋದ ಸಲದ ಹಂಗೆ ಇದೂ ಹೋಗಲ್ಲ ತಾನೇ?"

ಶಾಶ್ವತ ಅಂತ ಇನ್ನೊಮ್ಮೆ ಹೇಳುವ ಧೈರ್ಯ ನನಗಿರಲಿಲ್ಲ. "ಸೈಟು ಹೋದ್ರೂ ಹೋಗಬಹುದಕ್ಕ. ಯಾರದೋ ಜಾಗ ಅದು. ಆದ್ರೆ ಹಿಟ್ಟು ನಮ್ಮ ಹತ್ರ ಐತೆ" ಅಂದೆ. ನಾಲ್ಕು ಪೆನ್‌ಡ್ರೈವಿಗೆ ಪೂರ್ತಿ ಫೋಲ್ಡರ್ ತುಂಬಿ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಕ್ಕೆ ಒಂದೊಂದು ಕಳಿಸಿದ್ದೇವೆ. ಹೊಲದ ಪುಟವನ್ನು ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿಸಿ ಅಕ್ಕನಿಗೆ ಕೊಟ್ಟೆವು. ಅದನ್ನವಳು ಗುತ್ತಿಗೆ ಕಾಗದದ ಜೊತೆ ಟ್ರಂಕಿನಲ್ಲಿ ಇಟ್ಟಿದ್ದಾಳಂತೆ. ಜಮೀನು ವಾಪಸ್ ಬರುವ ಹೊತ್ತಿಗೆ ಆ ಹುಡುಗನಿಗೆ ಮೂವತ್ತು ದಾಟಿರುತ್ತದೆ. ದರ್ಗಾ ಹೊಲ ಯಾವುದೆಂದು ಅವನಿಗೆ ಗೊತ್ತಿರುತ್ತದೆ.

ಈ ವಾರದ ಕೆಲಸ: ಮಕ್ಕಳೇ, ಇವತ್ತು ಸಂಜೆ ಅಜ್ಜಿಯನ್ನೋ ತಾತನನ್ನೋ ಕೂರಿಸಿಕೊಂಡು ನಿಮ್ಮೂರ ಹೊಲ, ಬಾವಿ, ಕಟ್ಟೆ, ಓಣಿಗಳ ಹತ್ತು ಹೆಸರು ಕೇಳಿ ಬರೆದುಕೊಳ್ಳಿ. ಹೆಸರು ಯಾಕೆ ಬಂತು ಅನ್ನುವುದನ್ನೂ ಕೇಳಿ. ಆಮೇಲೆ ಅದನ್ನು ಯೂನಿಕೋಡಿನಲ್ಲಿ ಒಂದು ಸಾದಾ ಫೈಲಿಗೆ ಹೊಡೆದು, ಮೊದಲ ಸಾಲಿಗೆ # ಹಾಕಿ ಊರ ಹೆಸರು ಬರೆಯಿರಿ. ಹ್ಯೂಗೊ ಇಳಿಸಿಕೊಳ್ಳುವುದು ಮುಂದಿನ ಭಾನುವಾರಕ್ಕಿರಲಿ. ಅಜ್ಜ ಅಜ್ಜಿಯರೇ, ಅವರು ಬರೆದದ್ದನ್ನು ಒಮ್ಮೆ ಗಟ್ಟಿಯಾಗಿ ಓದಿಸಿ ಕೇಳಿ. ಎಲ್ಲಾದರೂ ಒಂದು ದಗಾರ್ ಉಳಿದಿದ್ದರೆ ಅದನ್ನು ಹಿಡಿಯಬಲ್ಲವರು ನೀವೇ.